ಆರೂವರೆಗೆ ಎದ್ದೇಳುವ ಪಾಚಿ

ಸುಂದ್ರವ್ವ ವಿಕ್ರೋಳಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹದಿನೆಂಟು ವರ್ಷಗಳಿಂದ ನೆಲ ಒರೆಸುತ್ತಿದ್ದಾಳೆ. ಕಲಬುರಗಿ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು ಆಂಟಾಪ್ ಹಿಲ್‌ನಲ್ಲಿ ನೆಲೆ ನಿಂತವಳು. ವಿಜ್ಞಾನಿಗಳ ಮೇಲೆ ಅವಳಿಗಿರುವ ತಕರಾರು ಒಂದೇ: ಇಷ್ಟು ಓದಿದವರಿಗೆ ತಾವು ಚಹಾ ಕುಡಿದ ಕಪ್ಪು ತೊಳೆಯಲು ಬರುವುದಿಲ್ಲ. ಅವಳ ನೇಮವೂ ಒಂದೇ. ದೀಪ ಹಚ್ಚುವ ಹೊತ್ತಿಗೆ ಕೋಣೆ ಕತ್ತಲಾಗಿದ್ದರೆ ಲಕ್ಷ್ಮಿ ಬಾಗಿಲ ತನಕ ಬಂದು ಹಿಂದಿರುಗುತ್ತಾಳೆ. ಹಾಗಾಗಬಾರದು.

ಮೂರನೇ ಮಹಡಿಯ ಕೊನೆಯ ಕೋಣೆ ಪ್ರಣೀತಾಳದು. ಕಾಂದಿವಲಿಯ ತುಳು ಮನೆಯ ಹುಡುಗಿ, ಪಿಎಚ್‌.ಡಿ. ಮಾಡುತ್ತಿದ್ದಳು. ಗಾಜಿನ ಬುರುಡೆಗಳಲ್ಲಿ ಹಸಿರು ಪಾಚಿ ಬೆಳೆಸಿ, ಕೆಲವಕ್ಕೆ ಉಪ್ಪು ಸುರಿದು, ಎಲ್ಲವನ್ನೂ ಮೂರು ವಾರ ಕತ್ತಲಲ್ಲಿಟ್ಟಿದ್ದಳು. ಕಷ್ಟಕಾಲದಲ್ಲಿ ಜೀವಕೋಶ ಹೇಗೆ ತಾಳಿಕೊಳ್ಳುತ್ತದೆಂದು ನೋಡಬೇಕಿತ್ತು. ಬೆಳಕು ಉಂಡ ಪಾಚಿ ತಾನೂ ಕೊಂಚ ಕೆಂಪಗೆ ಹೊಳೆಯುತ್ತದಂತೆ. ಕಣ್ಣಿಗೆ ಕಾಣದ ಆ ಹೊಳಪನ್ನು ಯಂತ್ರವೊಂದು ಹಗಲೂ ರಾತ್ರಿ ಬರೆದುಕೊಳ್ಳುತ್ತಿತ್ತು.

"ಆಂಟಿ, ಬಾಗಿಲ ಹತ್ರದ ಕಚರಾ ಮಾತ್ರ ತೆಗೀರಿ. ಲೈಟ್ ಹಾಕ್ಬೇಡಿ ಹಾಂ?" ಎಂದು ಪ್ರಣೀತಾ ಮೊದಲ ದಿನವೇ ಹೇಳಿದ್ದಳು.

"ಇಲ್ಲವ್ವಾ, ಹಾಕಂಗಿಲ್ಲ," ಎಂದು ಸುಂದ್ರವ್ವ ಮಾತು ಕೊಟ್ಟಿದ್ದಳು.

ಮೂರನೇ ವಾರ ಹುಡುಗಿ ಕುಣಿಯುತ್ತಾ ಹೊರಗೆ ಬಂದಳು. "ಆಂಟಿ, ಈ ಪಾಚಿಗೆ ಟೈಮ್ ಗೊತ್ತಾಗ್ತದೆ! ಫುಲ್ ಅಂಧೇರಾ ಇದ್ರೂ ಡೈಲಿ ಸಂಜೆ ಆರೂವರೆಗೆ ಎದ್ದೇಳ್ತದೆ. ನಾಳೆ ಎಲ್ಲರ ಎದುರು ಹೇಳ್ಲಿಕ್ಕುಂಟು. ಸಂಡೇ ಮಾತ್ರ ಏಳೂದಿಲ್ಲ, ಯಾಕಂತ ಗೊತ್ತಿಲ್ಲ."

ಭಾನುವಾರ ಸುಂದ್ರವ್ವನ ರಜೆ. ಹೇಳಿದರೆ ಕಾಂಟ್ರಾಕ್ಟರ್ ಕೆಲಸದಿಂದ ತೆಗೆಯುತ್ತಾನೆ. ಹೇಳದಿದ್ದರೆ ಈ ಕೂಸು ನೂರು ಜನರ ಎದುರು ನಗೆಪಾಟಲಾಗುತ್ತದೆ. ಹಾಳು ಬಾಯಿ ತಾನಾಗಿಯೇ ತೆರೆಯಿತು.

"ಎದ್ದೇಳೂದು ಪಾಚಿ ಅಲ್ಲವ್ವಾ, ನಾನು."

"ಕ್ಯಾ? ನೀವು ಲೈಟ್ ಹಾಕಿದ್ರಾ?"

"ಲೈಟ್ ಎಲ್ಲಿ ಹಾಕೀನಿ? ಗುಂಡಿ ಒತ್ತಿ ದೀಪ ಹಚ್ಚೀನಿ. ಒಂದ ನಿಮಿಷ. ಕೈ ಮುಗದು ಮತ್ತ ಶಾಂತ ಮಾಡೀನಿ."

ಪ್ರಣೀತಾ ಸ್ಟೂಲಿನ ಮೇಲೆ ಕುಸಿದಳು. ಕಣ್ಣು ತುಂಬಿತು, ಆಮೇಲೆ ನಗು ಬಂತು, ಆಮೇಲೆ ಎರಡೂ ಒಟ್ಟಿಗೇ ಬಂದವು. ಎದ್ದು ತನ್ನ ಗೈಡ್ ಸಾಹೇಬರ ಕೋಣೆಗೆ ಹೋದಳು. ಸುಂದ್ರವ್ವ ಬಾಗಿಲಾಚೆ ನಿಂತು ಕಿವಿಗೊಟ್ಟಳು. ಕೋಣೆಯೊಳಗೆ ಬೆಳಕು ನುಗ್ಗಿದೆ, ಬೀಗ ಹಾಕದ್ದು ನನ್ನದೇ ತಪ್ಪು, ಮೊದಲಿನಿಂದ ಮಾಡುತ್ತೇನೆ ಎಂದು ಹುಡುಗಿ ಹಿಂದಿಯಲ್ಲಿ ಹೇಳುತ್ತಿದ್ದಳು. ಸುಂದ್ರವ್ವನ ಹೆಸರನ್ನೇ ಎತ್ತಲಿಲ್ಲ.

ಮರುದಿನ ಸಂಜೆ ಆರೂವರೆಗೆ ಕೊನೆಯ ಕೋಣೆಗೆ ಬೀಗ ಬಿದ್ದಿತ್ತು. ಸುಂದ್ರವ್ವ ವರಾಂಡದ ಸ್ವಿಚ್ ಒತ್ತಿದಳು, ಬಾಗಿಲ ಕೆಳಗಿನ ಸಂದಿಗೆ ನೆಲ ಒರೆಸುವ ಬಟ್ಟೆ ಒತ್ತಿಟ್ಟಳು, ಆಮೇಲೆ ಕೈ ಮುಗಿದಳು.

"ತಾಯಿ, ಇನ್ನ ಮೂರು ವಾರ ಇಲ್ಲೇ ಹೊರಗ ನಿಂದ್ರು. ಒಳಗ ಹುಡುಗಿದು ಪರೀಕ್ಷಾ ನಡದದ."