ಭಾವನ ತಲೆಯ ಮೇಲಿನ ಚೆಂಡು

ಬಂಡೂರಿನ ದೊಡ್ಡಬೀರಯ್ಯನ ಎತ್ತರವನ್ನು ಊರು ತೋರಣ ಕಟ್ಟಲು ಬಳಸಿಕೊಂಡಿತು, ಮೈಸೂರಿನ ನಮ್ಮ ಕಾಲೇಜು ಬ್ಯಾಸ್ಕೆಟ್‌ಬಾಲಿಗೆ. ಡ್ರಿಲ್ ಮೇಷ್ಟ್ರ ವಿದ್ಯೆ ಇಷ್ಟೇ: ಬೀರಯ್ಯ ಬುಟ್ಟಿಯ ಹತ್ತಿರ ನಿಲ್ಲಬೇಕು, ಕುಳ್ಳನೊಬ್ಬ ಅಡ್ಡ ಬಂದರೆ ಅವನ ತಲೆಯ ಮೇಲಿಂದ ಚೆಂಡು ಹಾಕಬೇಕು. ಅಷ್ಟಕ್ಕೇ ನಾವು ಗೆಲ್ಲುತ್ತಿದ್ದೆವು.

೧೯೪೬ರಲ್ಲಿ ಮಂಡ್ಯದ ಮೈದಾನದಲ್ಲಿ ಬೆಂಗಳೂರಿನ ಕಾಲೇಜೊಂದು ಎದುರಾಯಿತು. ಅವರು ಬೀರಯ್ಯನಿಗೆ ಅಡ್ಡ ನಿಲ್ಲಿಸಿದ್ದು ತಮ್ಮಲ್ಲೇ ಅತಿ ಕುಳ್ಳನಾದ ಬೆಸಗರಹಳ್ಳಿಯ ಜವರಯ್ಯನನ್ನು. ನಾವು ನಕ್ಕೆವು. ಅವನು ಬೀರಯ್ಯನ ಅಕ್ಕನ ಗಂಡ ಅನ್ನುವುದು ನಮ್ಮಲ್ಲಿ ಯಾವ ಮೂರ್ಖನಿಗೂ ಗೊತ್ತಿರಲಿಲ್ಲ.

ಬೀರಯ್ಯ ಚೆಂಡು ಎತ್ತಿದ.

"ನನ್ ತಲೆ ಮ್ಯಾಲೆ ಕೈ ಎತ್ತೀಯೇನ್ಲಾ? ಎತ್ತು ನೋಡುವ, ನಿಮ್ಮಕ್ಕುನ್ನ ನಾಳೀಕೇ ತೌರಿಗೆ ಅಟ್ಬುಡ್ತೀನಿ!" ಎಂದ ಜವರಯ್ಯ.

"ತೆಪ್ಪಾಯ್ತು ಬಾವ," ಎಂದು ಬೀರಯ್ಯ ಬಗ್ಗಿ, ಎರಡೂ ಕೈಯಲ್ಲಿ ಚೆಂಡು ಒಪ್ಪಿಸಿದ. ಆಟ ಮುಗಿಯುವವರೆಗೂ ಒಪ್ಪಿಸುತ್ತಲೇ ಇದ್ದ. ಮೇಷ್ಟ್ರು ಅಂಚಿನಲ್ಲಿ ನಿಂತು ಕೂಗುತ್ತಲೇ ಇದ್ದರು, ನಾವು ಮಣ್ಣು ಮುಕ್ಕಿದೆವು.

ಹಬ್ಬದ ಊಟಕ್ಕೆ ಬಂಡೂರಿಗೆ ಹೋದಾಗ, ಹಬ್ಬಕ್ಕೆಂದು ತವರಿಗೆ ಬಂದಿದ್ದ ಬೀರಯ್ಯನ ಅಕ್ಕ ಬೀರಮ್ಮನಿಗೆ ನಾನೇ ಇದನ್ನು ಹೇಳಿದೆ. ಗಂಡನಿಗಿಂತ ಒಂದು ಮೊಳ ಎತ್ತರದ ಹೆಂಗಸು. ಬಡಿಸುತ್ತಿದ್ದ ಸೌಟು ಹಿಡಿದೇ ತಮ್ಮನ ಕಡೆ ತಿರುಗಿದಳು:

"ಅಯ್ಯೋ ದಡ್ಡ ಮುಂಡೇದೆ, ಸಂತೆಗೆ ಓಗೋಕೂ ನನ್ ಮೊಕ ನೋಡ್ತದೆ ಕಣ್ಲಾ ಆವಯ್ಯ. ನನ್ನ ಅಟ್ಟಾದುಂಟಾ?"