ರೊಟ್ಟಿ ಬಡಿದರೆ ಓಡುತ್ತಿದ್ದ ವಾಚು

ಸ್ಪ್ರಿಂಗು ಸಿಡಿದು ಅಂಗಡಿಯ ಮೂಲೆ ಸೇರಬಹುದಿತ್ತು. ಎಳ್ಳಿಗಿಂತ ಸಣ್ಣ ಸ್ಕ್ರೂ ಒಂದು ಉರುಳಿ ಮಂಡಿಪೇಟೆಯ ಚರಂಡಿ ಪಾಲಾಗಬಹುದಿತ್ತು. ಇಷ್ಟು ಹಳೆಯ ವಾಚಿಗೆ ಬಿಡಿಭಾಗ ಸಿಗದೆ ಮುಂಬೈಗೆ ಕಳಿಸಿ, ಅಲ್ಲಿಂದ ಅದು ವಾಪಸ್ ಬರದೇ ಇರಬಹುದಿತ್ತು. ತೊಳೆಯುವಾಗ ಡಯಲ್ಲಿನ ಅಂಕಿಗಳೂ ತೊಳೆದುಹೋಗಬಹುದಿತ್ತು. ನಮ್ಮದು ಬೇರೆಯವರ ಕೈಗೆ, ಬೇರೆಯವರದ್ದು ನಮ್ಮ ಕೈಗೆ ಬರಬಹುದಿತ್ತು. ರಿಪೇರಿ ಮಾಡುವ ಖಾದರ್ ಸಾಬರಿಗೆ ವಯಸ್ಸಾಗಿದೆ, ಅವರಿಗೇ ಏನಾದರೂ ಆಗಬಹುದಿತ್ತು. ಹಾಗೆ ಯೋಚಿಸಿದಾಗಲೂ ನನಗೆ ಕಳವಳವಾದದ್ದು ಬಿಚ್ಚಿಟ್ಟ ವಾಚಿನ ಬಗ್ಗೆಯೇ ಹೊರತು ಆ ಪುಣ್ಯಾತ್ಮರ ಬಗ್ಗೆ ಅಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಅಂದಳು, "ಮಗಳ ಮದ್ವಿಗೂ ನೀವು ಹಿಂಗೆ ನಿದ್ದಿ ಬಿಟ್ಟಿರಲಿಲ್ಲ."

ವಿದ್ಯಾನಗರದ ನಮ್ಮ ಮನೆಯಿಂದ ಆ ವಾಚನ್ನು ಕರವಸ್ತ್ರದಲ್ಲಿ ಸುತ್ತಿ, ಜೇಬಿನ ಮೇಲೆ ಕೈ ಇಟ್ಟುಕೊಂಡೇ ಸಾಬರ ಅಂಗಡಿಗೆ ಹೋಗಿದ್ದೆ. ಅವರು ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದರು. ಮೇಜಿನ ಮೇಲಿನ ಪೆಟ್ರೋಲಿನ ಬಟ್ಟಲಿನ ಘಾಟಿನ ನಡುವೆಯೇ ಇನ್ನೊಂದು ವಾಸನೆ ಸಣ್ಣಗೆ ಎದ್ದಿತು. ಕಮಟು, ಬೆವರು, ಬೆಚ್ಚಗಿನ ಜೋಳದ ಹಿಟ್ಟು. ಸಾಬರು ಕಣ್ಣಿಗೆ ಸಿಕ್ಕಿಸಿಕೊಂಡ ದುರ್ಬೀನಿನಲ್ಲಿ ಇಣುಕಿ, "ಇದೇನ್ರಿ ಸರ, ವಾಚೋ ಗಿರಣಿಯೋ? ಒಳಗೆಲ್ಲ ಹಿಟ್ಟೈತೆ!" ಅಂದರು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಹರಿಹರದ ಆ ಎರಡು ಕೋಣೆಯ ಮನೆ, ಹೊಗೆಗೆ ಕಪ್ಪಾದ ಅದರ ಅಡುಗೆಮೂಲೆ, ಒಲೆಯ ಮುಂದೆ ಒಂದು ಮೊಣಕಾಲು ಎತ್ತಿ ಕೂತ ಅವ್ವ, ಎಲ್ಲ ಆ ಪುಟ್ಟ ಮುಚ್ಚಳದಡಿಯಿಂದ ಎದ್ದು ಬಂದಂತಾಯಿತು.

ಅಪ್ಪ ಹದಡಿಯ ಹೊಲ ಬಿಟ್ಟು ಹರಿಹರದ ಕಾರ್ಖಾನೆಗೆ ಸೇರಿದವರು. ಅಲ್ಲಿ ಮಷೀನು ಕೂಡಿಸಲು ಬಂದಿದ್ದ ಹೊರದೇಶದ ಎಂಜಿನಿಯರ್ ಒಬ್ಬ ಊರಿಗೆ ಹೊರಡುವಾಗ ತನ್ನ ಕೈಯಲ್ಲಿದ್ದ ಆಟೋಮ್ಯಾಟಿಕ್ ವಾಚನ್ನೇ ಬಿಚ್ಚಿ ಅಪ್ಪನಿಗೆ ಕೊಟ್ಟುಹೋಗಿದ್ದ. ಕೀ ಕೊಡುವ ಕೆಲಸವಿಲ್ಲ. ಒಳಗೆ ಅರ್ಧ ಚಂದ್ರನ ಆಕಾರದ ಭಾರದ ತುಂಡೊಂದು ಇರುತ್ತದೆ; ಕೈ ಆಡಿದಂತೆಲ್ಲ ಅದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಕೈ ಸುಮ್ಮನಿದ್ದರೆ ವಾಚೂ ಸುಮ್ಮನಾಗುತ್ತದೆ. ತೊಡಕು ಇದ್ದದ್ದು ಅಲ್ಲೇ. ತಿರುಗುವ ಮಷೀನಿನ ಮುಂದೆ ನಿಲ್ಲುವವರು ಕೈಗೆ ಏನನ್ನೂ ಕಟ್ಟುವಂತಿರಲಿಲ್ಲ. ಸಂಜೆ ಮನೆಗೆ ಬಂದು ಕಟ್ಟಿಕೊಂಡಷ್ಟರಿಂದ ಆ ಬಳಸಿದ ವಾಚಿನ ಹೊಟ್ಟೆ ತುಂಬುತ್ತಿರಲಿಲ್ಲ. ಅದಕ್ಕೆ ಅಪ್ಪ ಕಂಡುಕೊಂಡ ಉಪಾಯವೆಂದರೆ, ಬೆಳಿಗ್ಗೆ ಹೊರಡುವ ಮೊದಲು ವಾಚನ್ನು ಬಿಚ್ಚಿ ಅವ್ವನ ಬಲಗೈಗೆ ಕಟ್ಟುವುದು. ಅವ್ವ ಬಳೆಗಳನ್ನು ಮೊಣಕೈಯತ್ತ ಸರಿಸಿ, ರೊಟ್ಟಿ ಬಡಿಯಲು ಕೂಡುತ್ತಿದ್ದಳು.

ನಮಗೆ ಬೆಳಗಾಗುತ್ತಿದ್ದದ್ದು ಆ ಸದ್ದಿಗೆ. ಅಂಗೈ ಹಿಟ್ಟಿನ ಮೇಲೆ ಬೀಳುವ ತಪ್ ತಪ್, ಅದರ ಬೆನ್ನಿಗೇ ವಾಚಿನೊಳಗಿಂದ ಕರ್, ಕರ್. ಭಾರದ ಆ ತುಂಡು ಎಲ್ಲೋ ಸವೆದು ಮುಚ್ಚಳಕ್ಕೆ ಉಜ್ಜುತ್ತಿತ್ತೆಂದು ಈಗ ಗೊತ್ತು. ಆಗ ನಾನು ಅಂದುಕೊಂಡದ್ದು ವಾಚು ಕೂಡ ಅವ್ವನ ಕೈಯ ರೊಟ್ಟಿ ತಿನ್ನುತ್ತದೆ, ಕರಕರ ಅಗಿಯುತ್ತದೆ ಅಂತ. ಕೌದಿಯೊಳಗೆ ಅಕ್ಕನ ಪಕ್ಕ ಮಲಗಿ ಕಣ್ಣು ಮುಚ್ಚಿಕೊಂಡೇ ಅದನ್ನು ಕೇಳುತ್ತಿದ್ದೆ. ಸದ್ದು ನಿಂತಿತೆಂದರೆ ರೊಟ್ಟಿ ಮುಗಿಯಿತು, ಇನ್ನು ಏಳಲೇಬೇಕು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದಿರಬೇಕು, ಬಾವಿಯ ರಾಟೆಯದೋ ಬಾಗಿಲ ಅಗುಳಿಯದೋ. ಇದ್ದಾಗ ಯಾರೂ ಕಿವಿಗೊಟ್ಟು ಕೇಳದ ಸದ್ದು.

ಸಂಜೆ ಅಪ್ಪ ಕೈಕಾಲು ತೊಳೆದು ಬಂದು ವಾಚು ಇಸಿದುಕೊಂಡು ನೋಡುವರು. "ಹಿಂದೆ ಬಿದ್ದೈತಲ್ಲೇ. ಇವತ್ತು ಎರಡು ರೊಟ್ಟಿ ಕಮ್ಮಿ ಬಡ್ದಿಯೇನು?"

"ಎರಡು ಜಾಸ್ತಿ ತಿನ್ರಿ, ಬಡೀತೀನಿ. ವಾಚೂ ಮುಂದೆ ಹೋಗ್ತೈತೆ, ನಿಮ್ಮ ಹೊಟ್ಟಿನೂ ಮುಂದೆ ಬರ್ತೈತೆ."

ಅವ್ವ ತವರಿಗೆ ಹೋದಾಗ ರೊಟ್ಟಿಯೂ ವಾಚೂ ಅಕ್ಕನ ಪಾಲು. ನಾನೂ ಒಮ್ಮೆ ಕಟ್ಟಿಕೊಳ್ಳುತ್ತೇನೆಂದು ಹಟ ಹಿಡಿದೆ. ಅಪ್ಪ ನಗಲೂ ಇಲ್ಲ. "ಇವನಿಗೆ ಬ್ಯಾಡ. ಹೆದರಿಕಿಗೇ ಕೈ ನಡುಗಿ ಸ್ಪ್ರಿಂಗ್ ಹರೀತೈತೆ" ಅಂದರು. ಆ ಮಾತು ಅವರ ಉಳಿದೆಲ್ಲ ಮಾತಿಗಿಂತ ಚೆನ್ನಾಗಿ ಉಳಿದುಕೊಂಡು ಬಂದಿದೆ.

ಅಪ್ಪ ಹೋದ ಮೇಲೂ ಅವ್ವ ವಾಚು ಬಿಡಲಿಲ್ಲ. ಅದರಲ್ಲಿ ಟೈಮು ನೋಡುತ್ತಿದ್ದಳೆಂದಲ್ಲ. ಅವಳಿಗೆ ಬಿಸಿಲು ಹೊಸ್ತಿಲು ದಾಟಿದರೆ ಸಾಕಿತ್ತು. ಬೆಳಿಗ್ಗೆ ಕಟ್ಟಿಕೊಳ್ಳುವುದು, ಬಡಿಯುವುದು, ಸಂಜೆ ಸೆರಗಿನಿಂದ ಗಾಜು ಒರೆಸಿ ಅಪ್ಪನ ಫೋಟೋದ ಕೆಳಗಿಡುವುದು. ಕಡೆಗಾಲದಲ್ಲಿ ಲಕ್ವ ಹೊಡೆದು ಆ ಬಲಗೈಯೇ ಬಿದ್ದುಹೋಯಿತು. ವಾಚೂ ನಿಂತಿತು. ಹರಿಹರದ ಆ ವಠಾರವನ್ನು ಮಾಲೀಕರು ಕೆಡವಿಸಿದರು. ಅವ್ವನನ್ನು ನನ್ನ ಮನೆಗೆ ಕರೆತಂದೆವು, ಹೆಚ್ಚು ದಿನ ಇರಲಿಲ್ಲ.

ಹರಿಹರದಲ್ಲೇ ಇರುವ ಅಕ್ಕ, ಅವ್ವನ ವರ್ಷದ ಎಡೆ ಹತ್ತಿರ ಬಂದಾಗ ಫೋನು ಮಾಡಿದಳು. "ಆ ವಾಚು ಓಡಿಸಿ ತಗಂಡು ಬಾರೋ. ಎಡಿಗೆ ರೊಟ್ಟಿ ನಾನೇ ಬಡೀತೀನಿ, ಅದನ್ನ ಕಟ್ಕಂಡು. ಒಂದ್ಸಲ ಅವ್ವ ಒಲಿ ಮುಂದೆ ಕೂತಂಗೆ ಆಗ್ಲಿ." ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಮಂಜಾಗಿದೆ, ಡಯಲ್ಲಿನ ಮುಳ್ಳು ಕಾಣುವುದಿಲ್ಲ. ಕಾಣದವಳಿಗೆ ವಾಚು ಏಕೆ ಬೇಕು ಎಂದು ಯೋಚಿಸುವಷ್ಟು ಪುರುಸೊತ್ತು ನನ್ನ ಚಿಂತೆಗಳು ನನಗೆ ಕೊಡಲಿಲ್ಲ. ಸಾಬರಿಗೆ ಕಟ್ಟಪ್ಪಣೆಗಳನ್ನು ಮಾತ್ರ ಸಾಲಾಗಿ ಕೊಟ್ಟೆ. ಗಾಜಿನ ಗೀರು ತೆಗೀಬ್ಯಾಡ್ರಿ, ಡಯಲ್ ಮುಟ್ಟಬ್ಯಾಡ್ರಿ, ಪಾಲಿಶ್ ಬ್ಯಾಡ, ಬೆಲ್ಟೂ ಅದೇ ಇರಲಿ. ಸಾಬರು ಕೊನೆಗೆ ಕೈ ಮುಗಿದರು. "ಮುಚ್ಚಳ ತೆಗ್ದದ್ದಕ್ಕೆ ಮಾಫ್ ಮಾಡ್ರಿ ಸರ. ಇನ್ನು ಹೋಗ್ರಿ, ನಾನು ಕೆಲಸ ಮಾಡ್ಬೇಕು."

ಹೇಳಿದ ದಿನವೇ ಕೊಟ್ಟರು. ಗೀರು ಇತ್ತು, ಅಂಕಿಗಳಿದ್ದವು, ಬೆಲ್ಟಿನ ಮೇಲೆ ಅವ್ವನ ಮಣಿಕಟ್ಟಿನ ಕಪ್ಪು ಗೆರೆ ಇತ್ತು. ಮುಳ್ಳು ಓಡುತ್ತಿತ್ತು. ಸವೆದಿದ್ದ ಸಣ್ಣ ಬಿಲ್ಲೆಯೊಂದನ್ನು ಬದಲಿಸಿ, ಹಳೆಯದನ್ನು ಪೊಟ್ಟಣ ಕಟ್ಟಿ ಜೊತೆಗೇ ಕೊಟ್ಟಿದ್ದರು. ಹರಿಹರದ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಜೇಬು ಮುಟ್ಟಿ ನೋಡಿಕೊಂಡೆ, ಕಳ್ಳನೊಬ್ಬನೂ ನನ್ನತ್ತ ತಿರುಗಿ ನೋಡಲಿಲ್ಲ.

ಅಕ್ಕ ಬಳೆ ಸರಿಸಿ ಕೈ ಮುಂದೆ ಮಾಡಿದಳು. ಕಟ್ಟಿದೆ. ಹಿಟ್ಟು ನಾದಿ, ಉಂಡೆ ಮಾಡಿ, ಬಡಿಯತೊಡಗಿದಳು. ತಪ್, ತಪ್, ತಪ್. ಅಷ್ಟೇ. ಅವಳು ಕೈ ನಿಲ್ಲಿಸಿದಳು. ಹಿಟ್ಟಿನ ಕೈಯನ್ನೇ ಕಿವಿಗೆ ಹಚ್ಚಿ ಅಲ್ಲಾಡಿಸಿದಳು.

"ಟಿಕ್ ಟಿಕ್ ಅಂತೈತೆ. ಆದ್ರೆ ಕರ್ ಕರ್ ಎಲ್ಲಿ ಹೋತೋ?"

ಅಂಗಳಕ್ಕೆ ಬಂದು ಸಾಬರಿಗೆ ಫೋನು ಮಾಡಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ, ಇನ್ನೊಮ್ಮೆ ಬಿಡಿಸಿ ಹೇಳಬೇಕಾಯಿತು. "ಹಳೇ ಬಿಲ್ಲೆ ಹಾಕಿಕೊಡ್ತೀನಿ ಸರ. ಸದ್ದು ಬರ್ತೈತೆ. ಆದ್ರೆ ಉಜ್ಜಿ ಉಜ್ಜಿ ಒಂದಿನ ಪೂರ್ತಿ ನಿಂತು ಹೋಗ್ತೈತೆ. ಏನು ಮಾಡ್ಲಿ, ಹೇಳ್ರಿ."

ಒಳಗೆ ಬಂದು ಅಕ್ಕನಿಗೆ ಹೇಳಿದೆ. ಪೊಟ್ಟಣ ಬಿಚ್ಚಿ ಬಿಲ್ಲೆಯನ್ನು ಅವಳ ಅಂಗೈಗೆ ಹಾಕಿದೆ. ಅವಳು ಅದನ್ನು ಬೆರಳಲ್ಲಿ ತಡವಿ ನೋಡಿ, ಒಲೆಯ ಪಕ್ಕದ ಉಪ್ಪಿನ ಬಟ್ಟಲ ಹತ್ತಿರ ಜೋಪಾನವಾಗಿ ಇಟ್ಟಳು. "ಬ್ಯಾಡ ಬಿಡಪ್ಪ. ಓಡ್ಲಿ" ಅಂದಳು.

ಮತ್ತೆ ಹಿಟ್ಟಿನ ಮೇಲೆ ಕೈ ಇಟ್ಟು ಬಡಿಯತೊಡಗಿದಳು. ಎಡೆಗೆ ಬೇಕಾದಷ್ಟು ರೊಟ್ಟಿ ಆಗುವವರೆಗೂ, ಪ್ರತಿ ಏಟಿನ ಬೆನ್ನಿಗೆ, ನನಗೆ ಕೇಳಿಸುತ್ತದೆಂದು ಗೊತ್ತಿಲ್ಲದವಳ ಹಾಗೆ, ಅಕ್ಕ ತುಟಿಯೊಳಗೇ ಅಂದುಕೊಳ್ಳುತ್ತಿದ್ದಳು: ಕರ್, ಕರ್.