ನಾನು ಸಹಿ ಮಾಡಿದ ಅರ್ಜಿ

ಚಿಕಾಗೋದ ಪಶ್ಚಿಮಕ್ಕಿರುವ ಒಂದು ಮಾನಸಿಕ ಚಿಕಿತ್ಸಾ ವಾರ್ಡಿನಲ್ಲಿ ನಾನು ನರ್ಸ್. ಬಾಗಿಲು ತೆರೆಯುವ ಕಾರ್ಡು ನನ್ನ ಕೊರಳಲ್ಲಿ ಜೋತಾಡುತ್ತದೆ. ರೋಗಿಗಳ ಕೊರಳಲ್ಲಿ ಏನೂ ಇರಕೂಡದು. ಧಾರವಾಡ ಕಡೆಯ ಒಬ್ಬ ಆಂಟಿ ಸೇರಿದ ದಿನ ಅವರ ತಾಳಿ ಬಿಚ್ಚಿಸಿ ಲಕೋಟೆಗೆ ಹಾಕಿದವಳೂ ನಾನೇ. "ನಮ್ಮಾಕಿ ಒಬ್ಬಾಕಿ ಸಿಕ್ಕಳು, ಪಾಡಾತು" ಎಂದು ಸಮಾಧಾನಪಟ್ಟರು. ನನ್ನದು ಮೈಸೂರು. ಆದರೂ ಹಿತವೆನಿಸಿತು.

ಅವರು ತಾವೇ ಒಪ್ಪಿ ಸೇರಿದವರು. ನಾಲ್ಕನೇ ದಿನ ಬಿಡುಗಡೆ ಬೇಕೆಂದು ಬರೆದುಕೊಟ್ಟರು. ಹಾಗೆ ಬರೆದುಕೊಟ್ಟವರನ್ನು ಕೋರ್ಟಿಗೆ ಅರ್ಜಿ ಹಾಕದೆ ಐದು ಕೆಲಸದ ದಿನಗಳ ಮೇಲೆ ಇಟ್ಟುಕೊಳ್ಳುವಂತಿಲ್ಲ. ಡಾಕ್ಟರ ಎದುರು ಆಂಟಿ "ಐ ಆಮ್ ಫೈನ್" ಎಂದು ನಕ್ಕರು. ನಾಳೆಯೇ ಕಳಿಸೋಣ ಎಂದರು ಡಾಕ್ಟರು. ಮನೆಗೆ ಹೊರಡುವಾಗ ತೊಡಲೆಂದು ಗಂಡ ಬಂದು ಕೋಟು ಕೊಟ್ಟು ಹೋದರು.

ಅಂದು ಮಧ್ಯಾಹ್ನ ಅವರಿಗೆ ಜಡೆ ಹೆಣೆಯುತ್ತಿದ್ದೆ. ಬೆನ್ನು ಕೊಟ್ಟು ಕೂತವರು ಮೆಲ್ಲಗೆ ಅಂದರು: "ನಿನಗಷ್ಟ ಹೇಳ್ತೀನಿ ತಂಗಿ. ಮನಿಗೆ ಹೋದ್ರ ನಾ ಉಳಿಯಾಕಿ ಅಲ್ಲ. ಎಲ್ಲಾ ತಯಾರಿ ಮಾಡಿಟ್ಟ ಬಂದೀನಿ. ಯಾರ ಮುಂದೂ ಅನಬ್ಯಾಡ."

ಜಡೆ ಮುಗಿಸಿ ನೇರ ಡಾಕ್ಟರ ಬಳಿ ಹೋದೆ. ಕಿವಿಯಾರೆ ಕೇಳಿದವರು ನೀವು, ಕೋರ್ಟಿನ ಅರ್ಜಿಯೂ ನೀವೇ ಬರೆಯಬೇಕು ಎಂದರು. ಫಾರಂ ಕೇಳುವುದೂ ಅದನ್ನೇ: ಏನು ಕಂಡಿರಿ, ಏನು ಕೇಳಿದಿರಿ. ನನ್ನನ್ನು ನಂಬಿ ಆಡಿದ ಮಾತನ್ನು ಇಂಗ್ಲಿಷಿಗೆ ಇಳಿಸಿ ಸಹಿ ಮಾಡಿದೆ. ಎರಡನೇ ಸಲ ಯೋಚಿಸಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೇ ನನಗೆ ಸಿಟ್ಟು.

ಡಾಕ್ಟರುಗಳು ಮತ್ತೆ ಪರೀಕ್ಷಿಸಿದರು, ಬಿಡುಗಡೆ ನಿಂತಿತು. ಅರ್ಜಿಯ ಒಂದು ಪ್ರತಿ ರೋಗಿಗೂ ಕೊಡಬೇಕು, ಅದೂ ಕಾನೂನೇ. ಮಡಿಲಲ್ಲಿ ಕೋಟು ಇಟ್ಟುಕೊಂಡು ಕೂತಿದ್ದ ಆಂಟಿ ನನ್ನ ಹೆಸರಿನ ತನಕ ಓದಿದರು. "ಬೇಲಿನ ಎದ್ದು ಹೊಲಾ ಮೇಯ್ತಲ್ಲ" ಎಂದರು. ಆಮೇಲೆ ವಾರ್ಡಿನಲ್ಲಿದ್ದ ಮೂರು ವಾರವೂ ನನ್ನೊಡನೆ ಕನ್ನಡ ಆಡಲಿಲ್ಲ. ವಾಟರ್, ಪ್ಲೀಸ್. ಥ್ಯಾಂಕ್ ಯು, ನರ್ಸ್. ಜಡೆಯನ್ನು ತಾವೇ ಹೆಣೆದುಕೊಂಡರು, ಸೊಟ್ಟಗೆ.

ಹೋದ ತಿಂಗಳು ವೆಸ್ಟ್‌ಮಂಟ್‌ನ ಇಂಡಿಯನ್ ಅಂಗಡಿಯಲ್ಲಿ ಕಂಡರು. ಕೊರಳಲ್ಲಿ ತಾಳಿಯಿತ್ತು. ಬೆಂಡೆಕಾಯಿಯ ತುದಿ ಮುರಿದು ಮುರಿದು ಎಳೆಯದನ್ನು ಆರಿಸುತ್ತಿದ್ದರು. ನಾಳಿನ ಅಡುಗೆಯ ಯೋಚನೆ ಇದ್ದವರು ಮಾಡುವ ಕೆಲಸ ಅದು. ನನಗೆ ಅಳು ಬಂತು.

"ಹ್ಯಾಂಗದೀರಿ, ಆಂಟಿ?" ಎಂದು ಅವರ ಮಾತಿನಲ್ಲೇ ಕೇಳಿದೆ.

"ಎಕ್ಸ್‌ಕ್ಯೂಸ್ ಮಿ" ಎಂದು ಸಾಮಾನಿನ ಗಾಡಿ ತಿರುಗಿಸಿಕೊಂಡು ಹೋದರು.